ಚಿಕಿತ್ಸೆಗೆ ಮೊದಲ ದಿನವೇ ನಿವಾಸಿ, ಕಸ್ಟಡಿಗೆ ಆರು ತಿಂಗಳು

ಟೆಕ್ಸಾಸ್‌ನ ಡಾಲಸ್ ಪಕ್ಕದ ಫ್ರಿಸ್ಕೊದಲ್ಲಿ ಒಂದು ಕನ್ನಡ ಕುಟುಂಬವಿದೆ ಎಂದಿಟ್ಟುಕೊಳ್ಳಿ. ಗಂಡ ಎಚ್‌-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾರೆ, ಹೆಂಡತಿ ಅವರ ಅವಲಂಬಿತರಾಗಿ ಎಚ್‌-4 ವೀಸಾದಲ್ಲಿದ್ದಾರೆ. ನಾಲ್ಕು ವರ್ಷದ ಮಗಳು ಅಲ್ಲಿಯೇ ಹುಟ್ಟಿದ್ದರಿಂದ ಅಮೆರಿಕದ ಪ್ರಜೆ. ಮನಸ್ತಾಪ ಮಿತಿಮೀರಿ, ಜನವರಿ 10ರಂದು ತಾಯಿ ಮಗಳನ್ನು ಕರೆದುಕೊಂಡು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಬರುತ್ತಾರೆ. ವಾರ ಕಳೆಯುವುದರೊಳಗೆ ಮಗುವಿಗೆ ಕಿವಿನೋವು, ಜ್ವರ. ಅಕ್ಕ ಲ್ಯಾಪ್‌ಟಾಪ್ ಮುಂದೆ ಕುಳಿತು ಮಗುವಿನ ಹೆಸರಿನಲ್ಲಿ ರಾಜ್ಯದ ಆರೋಗ್ಯ ಯೋಜನೆಗೆ ಅರ್ಜಿ ಹಾಕುತ್ತಾರೆ. ಅರ್ಜಿ ಮಂಜೂರಾಗಿ ಕಾರ್ಡ್ ಕೈಗೆ ಬರುತ್ತದೆ. "ನೋಡು, ಸರ್ಕಾರವೇ ಇವಳನ್ನು ಇಲ್ಲಿಯವಳು ಎಂದು ಒಪ್ಪಿಕೊಂಡಿದೆ. ಮಗು ನಿನ್ನ ಬಳಿಯೇ ಇರಲಿ ಎಂಬ ಕಸ್ಟಡಿ ಅರ್ಜಿಯನ್ನೂ ಇಲ್ಲಿಯೇ ಹಾಕಿಬಿಡು" ಎಂದು ಅಕ್ಕ ಧೈರ್ಯ ಹೇಳುತ್ತಾರೆ.

ಅಕ್ಕ ಹೇಳಿದ ಮೊದಲ ಮಾತು ಸರಿ, ಎರಡನೆಯದು ತಪ್ಪು. ಅಮೆರಿಕದ ನಮ್ಮ ಜನರಲ್ಲಿ ಸಂಸಾರ ಒಡೆದಾಗ ಹೆಚ್ಚು ನೋವು ತರುವ ತಪ್ಪು ತಿಳಿವಳಿಕೆ ಇದೇ ಎಂದು ನನಗೆ ಅನಿಸುತ್ತದೆ. ಒಂದೇ ಮಗು, ಒಂದೇ ಊರು, ಒಂದೇ ತಾರೀಖು. ಆದರೂ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಆಕೆ ನ್ಯೂಜೆರ್ಸಿಯ ನಿವಾಸಿ, ಕುಟುಂಬ ನ್ಯಾಯಾಲಯದ ಲೆಕ್ಕದಲ್ಲಿ ಇನ್ನೂ ಟೆಕ್ಸಾಸ್‌ನವಳು. ಎರಡೂ ಕಾನೂನುಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇವೆ. ಅವು ಹುಟ್ಟಿದ ಕಾರಣ ಬೇರೆ, ತಡೆಯಲು ಹೊರಟ ಅನ್ಯಾಯ ಬೇರೆ.

ಆಸ್ಪತ್ರೆಯ ಬಾಗಿಲಲ್ಲಿ ಕಾಯಿಸುವಂತಿಲ್ಲ

ಬಡವರ ಮತ್ತು ಕಡಿಮೆ ಆದಾಯದವರ ಚಿಕಿತ್ಸೆಗಾಗಿ ಅಮೆರಿಕದಲ್ಲಿ 1965ರಿಂದ ಮೆಡಿಕೇಡ್ ಎಂಬ ಯೋಜನೆ ಇದೆ. 1997ರಲ್ಲಿ ಅದರ ಜೊತೆಗೆ, ಮೆಡಿಕೇಡ್‌ನ ಆದಾಯ ಮಿತಿಗಿಂತ ಸ್ವಲ್ಪ ಮೇಲಿರುವ ಕುಟುಂಬಗಳ ಮಕ್ಕಳಿಗಾಗಿ ಚಿಪ್ ಎಂಬ ಇನ್ನೊಂದು ಯೋಜನೆ ಬಂತು. ಹಣವನ್ನು ಕೇಂದ್ರ ಮತ್ತು ರಾಜ್ಯಗಳು ಸೇರಿ ಕೊಡುತ್ತವೆ, ನಡೆಸುವುದು ರಾಜ್ಯಗಳು. ಹಾಗಾಗಿ ಹೆಸರೂ ಬೇರೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ನ್ಯೂಜೆರ್ಸಿಯಲ್ಲಿ ಎನ್‌ಜೆ ಫ್ಯಾಮಿಲಿಕೇರ್. ಆದಾಯದ ಮಿತಿಯೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮಕ್ಕಳ ವಿಷಯದಲ್ಲಿ ನ್ಯೂಜೆರ್ಸಿ ಉದಾರಿ. ಬಡತನ ರೇಖೆಯ 355% ವರೆಗೆ ಆದಾಯವಿರುವ ಮನೆಯ ಮಗುವಿಗೂ ಅಲ್ಲಿ ಜಾಗವಿದೆ. ಟೆಕ್ಸಾಸ್‌ನ ಮಿತಿ ಇದಕ್ಕಿಂತ ಬಹಳ ಕೆಳಗಿದೆ.

ರಾಜ್ಯದ ಹಣದಿಂದ ನಡೆಯುವ ಯೋಜನೆ ಎಂದಮೇಲೆ, "ನೀವು ನಮ್ಮ ರಾಜ್ಯದವರೇ?" ಎಂದು ರಾಜ್ಯ ಕೇಳುವುದು ಸಹಜ. ಆದರೆ "ಎಷ್ಟು ದಿನದಿಂದ?" ಎಂದು ಕೇಳಿ ಬಾಗಿಲು ಹಾಕುವ ಹಕ್ಕು ಅದಕ್ಕಿಲ್ಲ. ಇದು ಸುಲಭವಾಗಿ ದಕ್ಕಿದ್ದಲ್ಲ. 1960ರ ದಶಕದವರೆಗೂ ಹಲವು ರಾಜ್ಯಗಳು ಹೊಸದಾಗಿ ಬಂದ ಬಡವರನ್ನು ಒಂದು ವರ್ಷ ಹೊರಗಿಡುತ್ತಿದ್ದವು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಡ ಕುಟುಂಬಗಳ ಸಹಾಯಧನಕ್ಕೆ ಹಾಕಿದ್ದ ಒಂದು ವರ್ಷದ ಕಾಯುವಿಕೆಯನ್ನು ರದ್ದುಪಡಿಸಿತು. ಐದು ವರ್ಷಗಳ ನಂತರ, 1974ರಲ್ಲಿ, ಚಿಕಿತ್ಸೆಯ ಪ್ರಶ್ನೆ ನೇರವಾಗಿ ಬಂತು. ನ್ಯೂ ಮೆಕ್ಸಿಕೋದಿಂದ ಅರಿಜೋನಾದ ಫೀನಿಕ್ಸ್‌ಗೆ ಬಂದ ಒಬ್ಬ ಬಡ ರೋಗಿಗೆ ಉಸಿರಾಟದ ತೀವ್ರ ತೊಂದರೆ ಕಾಣಿಸಿಕೊಂಡಿತ್ತು. ಖಾಸಗಿ ಆಸ್ಪತ್ರೆಯೊಂದು ಆತನನ್ನು ದಾಖಲಿಸಿಕೊಂಡು, ನಂತರ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಲು ಕೇಳಿತು. ಆತ ಕೌಂಟಿಯಲ್ಲಿ ಒಂದು ವರ್ಷ ವಾಸವಾಗಿಲ್ಲ ಎಂದು ಮಾರಿಕೋಪಾ ಕೌಂಟಿ ನಿರಾಕರಿಸಿತು. ದೇಶದೊಳಗೆ ಎಲ್ಲಿಗೆ ಬೇಕಾದರೂ ಹೋಗಿ ನೆಲೆಸುವ ಹಕ್ಕಿಗೆ ಇದು ವಿಧಿಸುವ ದಂಡ ಎಂದು ಕೋರ್ಟ್ ಹೇಳಿತು, ಆ ನಿಯಮ ಬಿದ್ದುಹೋಯಿತು.

ಇಂದಿನ ಮೆಡಿಕೇಡ್ ನಿಯಮಗಳಲ್ಲಿ ಈ ತತ್ವ ಸ್ಪಷ್ಟ ಮಾತಿನಲ್ಲಿಯೇ ಇದೆ. ಇಷ್ಟು ಕಾಲ ವಾಸವಾಗಿರಬೇಕು ಎಂಬ ಷರತ್ತನ್ನು ರಾಜ್ಯ ಹಾಕುವಂತಿಲ್ಲ. ಕಾಯಂ ವಿಳಾಸ ಇಲ್ಲ ಎಂಬ ಕಾರಣಕ್ಕೂ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ದೊಡ್ಡವರಾದರೆ ಅಲ್ಲಿ ವಾಸವಿದ್ದು, ಅಲ್ಲಿಯೇ ಇರುವ ಉದ್ದೇಶ ಇದ್ದರೆ ಸಾಕು. ಕೆಲಸ ಹುಡುಕಿಕೊಂಡು ಬಂದಿದ್ದರೂ ಸಾಕು. ಮಗು ತಾನು ಈಗ ವಾಸಿಸುವ ರಾಜ್ಯಕ್ಕೆ, ಅಥವಾ ತನ್ನನ್ನು ನೋಡಿಕೊಳ್ಳುವ ತಾಯಿ ಇಲ್ಲವೇ ತಂದೆ ಇರುವ ರಾಜ್ಯಕ್ಕೆ ಸೇರುತ್ತದೆ. ಎರಡು ರಾಜ್ಯಗಳು "ನಮ್ಮದಲ್ಲ, ನಿಮ್ಮದು" ಎಂದು ಕಿತ್ತಾಡಿ ತೀರ್ಮಾನಕ್ಕೆ ಬರದಿದ್ದರೆ, ಆ ವ್ಯಕ್ತಿ ಆ ಹೊತ್ತಿಗೆ ಎಲ್ಲಿದ್ದಾರೋ ಆ ರಾಜ್ಯವೇ ಹೊಣೆ ಹೊರಬೇಕು. ಕಾಯಿಲೆಯವರನ್ನು ಗಡಿಯ ಆಚೆ ಈಚೆ ಅಲೆಸಬಾರದು ಎಂಬ ಕಾಳಜಿ ಈ ಒಂದು ಸಾಲಿನಲ್ಲಿದೆ. ನನಗೆ ಈ ನಿಯಮದ ಮೇಲೆ ಅಪಾರ ಗೌರವ.

ಹಾಗಾಗಿ ಎಡಿಸನ್‌ಗೆ ಬಂದಿಳಿದ ಮಗು, ಆದಾಯದ ಲೆಕ್ಕ ಹೊಂದಿದರೆ, ಮೊದಲ ವಾರದಲ್ಲಿಯೇ ಕಾರ್ಡ್‌ಗೆ ಅರ್ಹಳು. ಇಲ್ಲಿ ಎಚ್‌-4 ತಾಯಂದಿರು ತಿಳಿದಿರಬೇಕಾದ ಒಂದು ಮಾತಿದೆ. ಅರ್ಜಿ ಮಗುವಿಗೆ ಮಾತ್ರ ಆದರೆ, ತಾಯಿ ತನ್ನ ವೀಸಾ ಸ್ಥಿತಿಯನ್ನು ಅದರಲ್ಲಿ ತಿಳಿಸಬೇಕಾಗಿಲ್ಲ. ಮಗು ಅಮೆರಿಕದ ಪ್ರಜೆ, ಹಕ್ಕು ಮಗುವಿನದು. ವೀಸಾಕ್ಕೆ ತೊಂದರೆಯಾಗಬಹುದೆಂಬ ಹೆದರಿಕೆಯಿಂದ ಮಗುವಿನ ಲಸಿಕೆಯನ್ನೂ ಕನ್ನಡಕವನ್ನೂ ಮುಂದೂಡುವವರು ಇದ್ದಾರೆ. ಹಾಗೆ ಮಾಡಬೇಡಿ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಒಂದು ರಾಜ್ಯದ ಮೆಡಿಕೇಡ್ ಇನ್ನೊಂದು ರಾಜ್ಯಕ್ಕೆ ಹಿಂಬಾಲಿಸಿ ಬರುವುದಿಲ್ಲ. ಪರರಾಜ್ಯದಲ್ಲಿ ತುರ್ತು ಚಿಕಿತ್ಸೆಗೆ ಹಣ ಸಿಗಬಹುದು, ದಿನನಿತ್ಯದ ವೈದ್ಯಕೀಯಕ್ಕೆ ಸಿಗುವುದು ಕಷ್ಟ. 2024ರ ಜನವರಿಯಿಂದ 19 ವರ್ಷದೊಳಗಿನ ಮಕ್ಕಳಿಗೆ ಒಮ್ಮೆ ಅರ್ಹತೆ ಸಿಕ್ಕಿದರೆ ಹನ್ನೆರಡು ತಿಂಗಳು ಕಡಿತವಿಲ್ಲದೆ ಮುಂದುವರಿಸಬೇಕು ಎಂಬ ನಿಯಮ ದೇಶದಾದ್ಯಂತ ಜಾರಿಯಲ್ಲಿದೆ. ನಡುವೆ ತಂದೆಯ ಸಂಬಳ ಏರಿದರೂ ಕಾರ್ಡ್ ಹೋಗುವುದಿಲ್ಲ. ಆದರೆ ಮಗು ರಾಜ್ಯ ಬಿಟ್ಟು ಹೋದರೆ ಈ ರಕ್ಷಣೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಹಳೆಯ ರಾಜ್ಯದ ಕಾರ್ಡ್ ಇನ್ನೂ ಚಾಲ್ತಿಯಲ್ಲಿದೆ ಎಂದು ಸುಮ್ಮನಿರದೆ ಹೊಸ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಅಪ್ಪನ ಕಂಪನಿಯ ವಿಮೆಯ ಮೇಲೆಯೇ ಮಗು ಇದ್ದರೆ, ಅದರ ಆಸ್ಪತ್ರೆಗಳ ಪಟ್ಟಿ ಟೆಕ್ಸಾಸ್‌ಗೆ ಸೀಮಿತವೇ ಎಂದು ವಿಚಾರಿಸುವುದು ಮೊದಲ ಕೆಲಸ.

ಮಗುವನ್ನು ಎತ್ತಿಕೊಂಡು ಓಡಿದವರಿಗೆ ಗೆಲುವು ಸಿಗುತ್ತಿದ್ದ ಕಾಲ

ಕಸ್ಟಡಿಯ ನಿಯಮ ಇಷ್ಟೊಂದು ಬಿಗಿಯಾಗಿರುವುದಕ್ಕೆ ಅದರ ಹಿಂದಿನ ಕಥೆಯೇ ಕಾರಣ. ಒಂದು ಕಾಲದಲ್ಲಿ ಒಂದು ರಾಜ್ಯದ ಕೋರ್ಟಿನ ಕಸ್ಟಡಿ ಆದೇಶವನ್ನು ಇನ್ನೊಂದು ರಾಜ್ಯ ಗೌರವಿಸಲೇಬೇಕೆಂಬ ಗಟ್ಟಿ ಕಟ್ಟುಪಾಡು ಇರಲಿಲ್ಲ. ಸೋತ ತಂದೆಯೋ ತಾಯಿಯೋ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಗಡಿ ದಾಟಿ, ಅಲ್ಲಿನ ಕೋರ್ಟಿನಲ್ಲಿ ಹೊಸ ಅರ್ಜಿ ಹಾಕಿ, ಹೊಸ ಆದೇಶ ಪಡೆಯಬಹುದಿತ್ತು. ಆಗ ಇನ್ನೊಬ್ಬರು ಬಂದು ಮಗುವನ್ನು ಮತ್ತೆ ಎತ್ತಿಕೊಂಡು ಹೋಗುತ್ತಿದ್ದರು. ಇದನ್ನು ತಡೆಯಲು 1968ರಲ್ಲಿ ಒಂದು ಮಾದರಿ ಕಾನೂನನ್ನು ರೂಪಿಸಿ ರಾಜ್ಯಗಳ ಮುಂದಿಟ್ಟರು. 1980ರಲ್ಲಿ ಕೇಂದ್ರ ಸರ್ಕಾರವೂ ಪೋಷಕರಿಂದಲೇ ನಡೆಯುವ ಅಪಹರಣವನ್ನು ತಡೆಯುವ ಕಾಯ್ದೆ ತಂದಿತು. ಎರಡರ ನಡುವೆ ಇದ್ದ ಬಿರುಕುಗಳನ್ನು ಮುಚ್ಚಿ 1997ರಲ್ಲಿ ಹೊಸ ಮಾದರಿ ಕಾನೂನು ಬಂತು. ಅದರ ಇಂಗ್ಲಿಷ್ ಹೆಸರು ಉದ್ದ, ವಕೀಲರ ಬಾಯಲ್ಲಿ ಅದು ಯುಸಿಸಿಜೆಇಎ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಕೊಂಡಿವೆ. ಬಹುಕಾಲ ಒಪ್ಪದೆ ಉಳಿದದ್ದು ಮ್ಯಾಸಚೂಸೆಟ್ಸ್.

ಈ ಕಾನೂನಿನ ಕೇಂದ್ರದಲ್ಲಿ ಇರುವುದು ಮಗುವಿನ ತವರು ರಾಜ್ಯ. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಆರು ತಿಂಗಳು ಸತತವಾಗಿ ಮಗು ತಂದೆ ಅಥವಾ ತಾಯಿಯ ಜೊತೆ ಎಲ್ಲಿ ವಾಸಿಸಿತ್ತೋ ಅದೇ ಅದರ ತವರು ರಾಜ್ಯ. ಮಗುವಿಗೆ ಇನ್ನೂ ಆರು ತಿಂಗಳಾಗಿಲ್ಲದಿದ್ದರೆ ಹುಟ್ಟಿದಂದಿನಿಂದ ಇರುವ ರಾಜ್ಯ. ನಡುವೆ ತಾತ್ಕಾಲಿಕವಾಗಿ ಬೇರೆಡೆ ಹೋಗಿದ್ದರೆ ಆ ದಿನಗಳೂ ತವರು ರಾಜ್ಯದ ಲೆಕ್ಕಕ್ಕೇ ಸೇರುತ್ತವೆ. ಕಸ್ಟಡಿಯ ಮೊದಲ ತೀರ್ಮಾನ ಮಾಡುವ ಅಧಿಕಾರ ಇದೇ ರಾಜ್ಯದ ಕೋರ್ಟಿಗೆ. ತಂದೆ ಒಳ್ಳೆಯವರೋ ತಾಯಿ ಒಳ್ಳೆಯವರೋ ಎಂಬ ಪ್ರಶ್ನೆ ಇಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಯಾವ ನ್ಯಾಯಾಧೀಶರು ಆ ಪ್ರಶ್ನೆಯನ್ನು ಕೇಳಬಹುದು ಎಂಬುದಷ್ಟೇ ಇಲ್ಲಿ ತೀರ್ಮಾನವಾಗುತ್ತದೆ.

ಹೀಗೂ ಅನೇಕರು ಎಣಿಕೆ ಹಾಕುತ್ತಾರೆ: ಆರು ತಿಂಗಳು ನ್ಯೂಜೆರ್ಸಿಯಲ್ಲಿ ಕಳೆದುಬಿಟ್ಟರೆ ಆಯಿತಲ್ಲ! ತಂದೆ ಏನೂ ಮಾಡದೆ ಕುಳಿತರೆ ಹೌದು. ಆದರೆ ಮಗು ಟೆಕ್ಸಾಸ್ ಬಿಟ್ಟು ಆರು ತಿಂಗಳಾಗುವುದರೊಳಗೆ, ಅಂದರೆ ನಮ್ಮ ಉದಾಹರಣೆಯಲ್ಲಿ ಜುಲೈ 10 ಬರುವ ಮೊದಲು, ಅಲ್ಲಿಯೇ ವಾಸವಿರುವ ತಂದೆ ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿದರೆ ಟೆಕ್ಸಾಸ್ ತವರು ರಾಜ್ಯವಾಗಿಯೇ ಉಳಿಯುತ್ತದೆ. ತಾಯಿ ಮೊದಲು ನ್ಯೂಜೆರ್ಸಿಯಲ್ಲಿ ಅರ್ಜಿ ಹಾಕಿದ್ದರೂ ಪ್ರಯೋಜನವಿಲ್ಲ. ಇಲ್ಲಿ ಓಟದಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ. ಎರಡೂ ರಾಜ್ಯಗಳಲ್ಲಿ ಅರ್ಜಿ ಬಿದ್ದಿದ್ದರೆ ಇಬ್ಬರು ನ್ಯಾಯಾಧೀಶರು ನೇರವಾಗಿ ಫೋನಿನಲ್ಲಿ ಮಾತನಾಡಿ ಯಾರು ನಡೆಸಬೇಕೆಂದು ನಿರ್ಧರಿಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ತಂದೆ ಮಾರ್ಚ್‌ನಲ್ಲಿ ಹೊಸ ಕೆಲಸ ಹಿಡಿದು ಸಿಯಾಟಲ್‌ಗೆ ಕಾಯಂ ಆಗಿ ಹೋಗಿಬಿಟ್ಟರೆ ಟೆಕ್ಸಾಸ್‌ನ ಹಿಡಿತ ಸಡಿಲವಾಗುತ್ತದೆ. ಆಗ ಮಗುವಿಗೆ ಯಾವ ರಾಜ್ಯದೊಂದಿಗೆ ಗಟ್ಟಿಯಾದ ನಂಟು ಮತ್ತು ಸಾಕ್ಷ್ಯ ಇದೆ ಎಂದು ನೋಡಬೇಕಾಗುತ್ತದೆ.

ಕಸ್ಟಡಿ ಅರ್ಜಿಯ ಜೊತೆ ಒಂದು ಪ್ರಮಾಣಿತ ಹೇಳಿಕೆಯನ್ನು ಕೊಡಬೇಕು. ಮಗು ಈಗ ಎಲ್ಲಿದೆ, ಕಳೆದ ಐದು ವರ್ಷಗಳಲ್ಲಿ ಯಾವ ಯಾವ ಊರಿನಲ್ಲಿತ್ತು, ಯಾರ ಯಾರ ಜೊತೆ ವಾಸಿಸಿತ್ತು, ಅವರ ಈಗಿನ ವಿಳಾಸವೇನು, ಬೇರೆಲ್ಲಾದರೂ ಮೊಕದ್ದಮೆ ನಡೆಯುತ್ತಿದೆಯೇ ಎಂದು ಒಂದೊಂದಾಗಿ ಬರೆಯಬೇಕು. ಮೈಸೂರಿನ ಅಜ್ಜಿಯ ಮನೆಯಲ್ಲಿ ಕಳೆದ ನಾಲ್ಕು ತಿಂಗಳು ಇಲ್ಲಿ ಬರುತ್ತದೆ, ಅಜ್ಜಿಯ ಹೆಸರೂ ಬರುತ್ತದೆ. ಆರೋಗ್ಯ ಯೋಜನೆಯ ಅರ್ಜಿಯನ್ನೂ ಈ ಹೇಳಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದು ಇಂದಿನ ವಿಳಾಸ ಮತ್ತು ಮುಂದಿನ ಉದ್ದೇಶವನ್ನು ಕೇಳುತ್ತದೆ, ಎರಡನೆಯದು ಮಗು ನಡೆದುಬಂದ ದಾರಿಯನ್ನು ಕೇಳುತ್ತದೆ. ಮೆಡಿಕೇಡ್ ಕಾರ್ಡ್ ಈ ಎರಡನೆಯ ಕಾಗದದಲ್ಲಿ ಒಂದು ಸಣ್ಣ ಸಾಕ್ಷ್ಯವಾಗಬಹುದೇ ಹೊರತು ಆರು ತಿಂಗಳ ಬದಲಿಗೆ ನಿಲ್ಲಲಾರದು.

ಹಾಗಾದರೆ ಹೊಡೆತ ತಿಂದು ಓಡಿಬಂದ ತಾಯಿಯ ಗತಿ ಏನು? ಆರು ತಿಂಗಳ ನಿಯಮ ಅಂಥವರ ಮೇಲೆ ಕ್ರೂರವಾಗಿ ಬೀಳಬಹುದು. ಕಾನೂನು ರೂಪಿಸಿದವರಿಗೂ ಇದು ತಿಳಿದಿತ್ತು. ಮಗುವಿಗಾಗಲಿ, ಒಡಹುಟ್ಟಿದವರಿಗಾಗಲಿ, ತಾಯಿ ಅಥವಾ ತಂದೆಗಾಗಲಿ ಹಿಂಸೆ ನಡೆದಿದ್ದರೆ ಅಥವಾ ಅದರ ಬೆದರಿಕೆ ಇದ್ದರೆ, ಮಗು ಈಗ ಇರುವ ರಾಜ್ಯದ ಕೋರ್ಟ್ ತಾತ್ಕಾಲಿಕ ತುರ್ತು ಆದೇಶ ಕೊಡಬಹುದು. ತಾಯಿಯ ಮೇಲಿನ ಹಿಂಸೆಯೂ ಸಾಲುತ್ತದೆ, ಮಗುವಿನ ಮೈಮೇಲೆ ಗಾಯ ಇರಲೇಬೇಕಿಲ್ಲ. ವಿಳಾಸ ತಿಳಿದರೆ ಪ್ರಾಣಾಪಾಯ ಎಂದು ಪ್ರಮಾಣ ಮಾಡಿ ಹೇಳಿದರೆ ಆ ಐದು ವರ್ಷಗಳ ವಿವರವನ್ನು ಕೋರ್ಟ್ ಎದುರು ಪಕ್ಷಕ್ಕೆ ಕಾಣದಂತೆ ಮುಚ್ಚಿಡಬಹುದು. ಟೆಕ್ಸಾಸ್‌ನಲ್ಲಿ ಯಾರೂ ಅರ್ಜಿ ಹಾಕದೆ, ಆರು ತಿಂಗಳು ಕಳೆದು ನ್ಯೂಜೆರ್ಸಿಯೇ ತವರು ರಾಜ್ಯವಾದರೆ, ಆದೇಶದಲ್ಲಿ ಹಾಗೆಂದು ಬರೆದಿದ್ದಲ್ಲಿ ತುರ್ತು ಆದೇಶವೇ ಅಂತಿಮವೂ ಆಗಬಹುದು. ಆದ್ದರಿಂದ ಹಿಂಸೆ ಇದ್ದಲ್ಲಿ ಮರ್ಯಾದೆಗೆ ಅಂಜಿ ಸುಮ್ಮನೆ "ಅಕ್ಕನ ಮನೆಗೆ ಬಂದಿದ್ದೇನೆ" ಎಂದು ಕೂರುವುದು ತಪ್ಪು. ಬಂದ ದಿನಗಳಲ್ಲಿಯೇ ಕೋರ್ಟಿಗೆ ಹೋಗಬೇಕು. ಪೊಲೀಸ್ ದೂರು, ವೈದ್ಯರ ಚೀಟಿ, ಸಂದೇಶಗಳ ಪ್ರತಿ, ಎಲ್ಲವೂ ಬೇಕಾಗುತ್ತವೆ.

ವೀಸಾದ ಬಗ್ಗೆಯೂ ಒಂದು ಮಾತು. ಕಸ್ಟಡಿ ಕೋರ್ಟಿನ ಅಧಿಕಾರ ಮಗು ವಾಸಿಸಿದ ಜಾಗವನ್ನು ಅವಲಂಬಿಸಿದೆ, ತಾಯಿಯ ವೀಸಾವನ್ನಲ್ಲ. "ನಿನಗೆ ಇಲ್ಲಿ ಹಕ್ಕೇ ಇಲ್ಲ" ಎಂಬ ಗಂಡನ ಬೆದರಿಕೆ ಈ ಮಟ್ಟಿಗೆ ಸುಳ್ಳು. ಆದರೆ ವಿಚ್ಛೇದನ ಅಂತಿಮವಾದಾಗ ಹೆಂಡತಿಯ ಎಚ್‌-4 ಸ್ಥಿತಿಯೂ ಕೊನೆಗೊಳ್ಳುತ್ತದೆ ಎಂಬುದು ನಿಜ. ಆದ್ದರಿಂದ ಕುಟುಂಬದ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಮೊದಲೇ ಕಾಣಬೇಕು. ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿಯಂತೂ ಇನ್ನೊಂದೇ ಲೆಕ್ಕ: ನೆವಾಡಾದಲ್ಲಿ ಆರು ವಾರ, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು, ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷ. ಹಾಗಾಗಿ ಒಂದೇ ದಂಪತಿಯ ವಿಚ್ಛೇದನ ಒಂದು ರಾಜ್ಯದಲ್ಲಿ, ಮಗುವಿನ ಕಸ್ಟಡಿ ಇನ್ನೊಂದು ರಾಜ್ಯದಲ್ಲಿ ನಡೆಯುವ ಸಂದರ್ಭ ಬರಬಹುದು.

ರಾತ್ರಿಗಳ ಎಣಿಕೆ

ಇಲ್ಲಿಯವರೆಗೆ ಬೇರೆ ಬೇರೆಯಾಗಿ ನಡೆದ ಆರೋಗ್ಯ ಮತ್ತು ಕಸ್ಟಡಿಯ ನಿಯಮಗಳು ಒಂದು ಜಾಗದಲ್ಲಿ ಕೂಡುತ್ತವೆ. ಬೇರೆಯಾದ ತಂದೆತಾಯಿಯ ಮಗುವಿಗೆ ಮೆಡಿಕೇಡ್ ಕೊಡುವಾಗ ಯಾರ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಕು? ಮಗು ಯಾರ ಜೊತೆ ವಾಸಿಸುತ್ತದೋ ಅವರ ಮನೆಯ ಆದಾಯವನ್ನು. ಅದನ್ನು ಕೋರ್ಟಿನ ಕಸ್ಟಡಿ ಆದೇಶ ಅಥವಾ ಬದ್ಧ ಒಪ್ಪಂದ ಹೇಳಿದ್ದರೆ ಅದೇ ಅಂತಿಮ. ಆದೇಶವೇ ಇಲ್ಲದಿದ್ದರೆ, ಅಥವಾ ಇಬ್ಬರಿಗೂ ಜಂಟಿ ಕಸ್ಟಡಿ ಇದ್ದರೆ, ಮಗು ಹೆಚ್ಚು ರಾತ್ರಿ ಯಾರ ಮನೆಯಲ್ಲಿ ಮಲಗುತ್ತದೆ ಎಂದು ಎಣಿಸುತ್ತಾರೆ. ತಂದೆ ತನ್ನ ತೆರಿಗೆ ವಿವರದಲ್ಲಿ ಮಗುವನ್ನು ಅವಲಂಬಿತ ಎಂದು ತೋರಿಸಿಕೊಂಡರೂ, ಮಗು ತಾಯಿಯ ಮನೆಯಲ್ಲಿದ್ದರೆ ಮೆಡಿಕೇಡ್ ತಾಯಿಯ ಮನೆಯ ಲೆಕ್ಕವನ್ನೇ ಹಿಡಿಯುತ್ತದೆ. ತಂದೆ ಕೊಡುವ ಮಗುವಿನ ಜೀವನಾಂಶ ಆ ಆದಾಯದಲ್ಲಿ ಸೇರುವುದಿಲ್ಲ. ಜೀವನಾಂಶ ಬರುತ್ತಿದೆ, ಇನ್ನು ಕಾರ್ಡ್ ಸಿಗುವುದಿಲ್ಲ ಎಂದು ಅರ್ಜಿಯನ್ನೇ ಹಾಕದವರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆದ್ದರಿಂದ ಕಸ್ಟಡಿ ಒಪ್ಪಂದಕ್ಕೆ ಸಹಿ ಹಾಕುವಾಗ "ವಾರದ ದಿನ ಅಮ್ಮ, ವಾರಾಂತ್ಯ ಅಪ್ಪ" ಎಂದು ಸಡಿಲವಾಗಿ ಬರೆಸಬೇಡಿ. ರಾತ್ರಿಗಳು ಸ್ಪಷ್ಟವಾಗಿರಲಿ. ವೈದ್ಯಕೀಯ ವೆಚ್ಚ ಯಾರದು, ವಿಮೆ ಯಾರ ಹೆಸರಿನಲ್ಲಿ, ಮಗು ಇರುವ ಊರಿನ ವೈದ್ಯರು ಆ ವಿಮೆಯನ್ನು ಒಪ್ಪುತ್ತಾರೆಯೇ ಎಂಬುದನ್ನೂ ಸೇರಿಸಿ. ಇಬ್ಬರೂ ಬೇರೆ ಬೇರೆ ರಾಜ್ಯಗಳಲ್ಲಿದ್ದಾಗ ಕಾಗದದ ಮೇಲೆ ವಿಮೆ ಇದ್ದೂ ಮಗುವಿಗೆ ವೈದ್ಯರು ಸಿಗದ ಸ್ಥಿತಿ ಬರುವುದು ಇಂಥ ಸಾಲುಗಳನ್ನು ಬಿಟ್ಟಾಗಲೇ.

ಬೆಂಗಳೂರಿಗೆ ವಿಮಾನ ಹತ್ತಿದರೆ

ಎಡಿಸನ್ ಬದಲು ತಾಯಿ ಬೆಂಗಳೂರಿಗೆ ಬಂದರೆ? ಅಮೆರಿಕದ ಕೋರ್ಟಿನ ಕಣ್ಣಿನಲ್ಲಿ ತತ್ವ ಬದಲಾಗುವುದಿಲ್ಲ. ಕಸ್ಟಡಿಯ ಅಧಿಕಾರವ್ಯಾಪ್ತಿಯ ಮಟ್ಟಿಗೆ ಪರದೇಶವನ್ನೂ ಅಮೆರಿಕದ ಒಂದು ರಾಜ್ಯದಂತೆಯೇ ಕಾಣಬೇಕು ಎಂದು ಅದೇ ಕಾನೂನು ಹೇಳುತ್ತದೆ. ಅಲ್ಲಿನ ಕಸ್ಟಡಿ ಕಾನೂನು ಮಾನವ ಹಕ್ಕುಗಳ ಮೂಲತತ್ವಕ್ಕೆ ವಿರುದ್ಧವಾಗಿದ್ದರೆ ಮಾತ್ರ ವಿನಾಯಿತಿ. ಬೇಸಿಗೆ ರಜೆಗೆಂದು ಅಜ್ಜಿಯ ಮನೆಗೆ ಬಂದದ್ದು ತಾತ್ಕಾಲಿಕ ಗೈರು. ಇಬ್ಬರೂ ಒಪ್ಪಿ ಮಗುವನ್ನು ಜಯನಗರದ ಶಾಲೆಗೆ ಸೇರಿಸಿ ವರ್ಷ ಕಳೆದರೆ ಅದು ಬೇರೆ, ಆಗ ಭಾರತವೇ ಮಗುವಿನ ತವರು ಎಂದು ಅಮೆರಿಕದ ಕೋರ್ಟ್ ಹೇಳಬಹುದು.

ಭಾರತದ ಬದಿಯಲ್ಲಿ ಆರು ತಿಂಗಳಂಥ ಗಡಿಯಾರ ಇಲ್ಲ. ಅಪಹೃತ ಮಕ್ಕಳನ್ನು ವಾಪಸು ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಅಮೆರಿಕ ಸೇರಿದೆ, ಭಾರತ ಸೇರಿಲ್ಲ. ನಮ್ಮಲ್ಲಿ ಇಂದಿಗೂ ನಡೆಯುವುದು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ. ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರ ಎಂದು ಅದರ 9ನೇ ವಿಧಿ ಹೇಳುತ್ತದೆ. ಇಷ್ಟು ದಿನ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಿಂದ ಬಂದು ದೆಹಲಿಯ ಶಾಲೆಯಲ್ಲಿ ಓದುತ್ತಿದ್ದ ಬಾಲಕನ ಪ್ರಕರಣದಲ್ಲಿ, 2011ರಲ್ಲಿ, ಸುಪ್ರೀಂ ಕೋರ್ಟ್ ದೆಹಲಿಯ ನ್ಯಾಯಾಲಯಕ್ಕೇ ಅಧಿಕಾರವಿದೆ ಎಂದಿತು. 2017ರಲ್ಲಿ ಅದೇ ಕೋರ್ಟ್, ವಿದೇಶಿ ಕೋರ್ಟಿನ ಆದೇಶವನ್ನು ಗಮನಿಸಬೇಕಾದ ಒಂದು ಅಂಶವಾಗಿ ಮಾತ್ರ ನೋಡಬೇಕು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಸ್ಪಷ್ಟಪಡಿಸಿತು.

ಇದನ್ನು ಓದಿ "ಭಾರತಕ್ಕೆ ಬಂದರೆ ಸಾಕು, ಗೆದ್ದಂತೆ" ಎಂದುಕೊಳ್ಳುವವರು ಕರ್ನಾಟಕದ್ದೇ ಒಂದು ಪ್ರಕರಣವನ್ನು ನೋಡಬೇಕು. 2011ರಲ್ಲಿ ಅಮೆರಿಕದಲ್ಲಿ ಹುಟ್ಟಿ ಅಲ್ಲಿಯೇ ಬೆಳೆದ ಹುಡುಗನನ್ನು ತಾಯಿ 2020ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಕರೆತಂದಿದ್ದರು. ತಂದೆ ಕರ್ನಾಟಕ ಹೈಕೋರ್ಟಿನಲ್ಲಿ ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ, ಫಲಿಸಲಿಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು, ಹುಡುಗ ಅಮೆರಿಕಕ್ಕೆ ಮರಳುವುದೇ ಅವನ ಹಿತಕ್ಕೆ ಒಳ್ಳೆಯದು ಎಂದು ಆದೇಶಿಸಿತು. ಅಷ್ಟು ಹೊತ್ತಿಗೆ ಅವನು ಎರಡು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿದ್ದ. ದಿನಗಳ ಮೊತ್ತಕ್ಕಿಂತ ಮಗುವಿನ ಬದುಕು ಎಲ್ಲಿ ಬೇರು ಬಿಟ್ಟಿದೆ ಎಂಬುದು ಭಾರತದಲ್ಲಿ ಹೆಚ್ಚು ತೂಗುತ್ತದೆ. ಆ ತೂಕವನ್ನು ಮುಂಚಿತವಾಗಿ ಊಹಿಸುವುದು ಯಾವ ವಕೀಲರಿಗೂ ಸುಲಭವಲ್ಲ.

ಮತ್ತು ಚಿಕಿತ್ಸೆ? ಅಮೆರಿಕದ ಮೆಡಿಕೇಡ್ ದೇಶದ ಹೊರಗೆ ಹಣ ಕೊಡುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಪಡಿತರ ಚೀಟಿಯನ್ನು ಆಧರಿಸಿದೆ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಬಂದ ಮಗುವಿನ ಹೆಸರು ಆ ಚೀಟಿಯಲ್ಲಿ ಇರುವುದಿಲ್ಲ. ಸಾಗರೋತ್ತರ ಭಾರತೀಯ ಪ್ರಜೆ ಎಂಬ ಒಸಿಐ ಕಾರ್ಡ್ ಇದ್ದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ಮೇಲೆ ಆಧಾರ್ ಸಿಗಬಹುದು. ಆದರೆ ಆಧಾರ್ ಬಂದ ಮಾತ್ರಕ್ಕೆ ಕಸ್ಟಡಿಯ ಪ್ರಶ್ನೆ ತೀರುವುದಿಲ್ಲ, ಹಾಗೆಯೇ ಆಧಾರ್ ಇಲ್ಲದ ಮಾತ್ರಕ್ಕೆ ಮಗು ಇಲ್ಲಿ ವಾಸವಾಗಿಲ್ಲ ಎಂದೂ ಅಲ್ಲ. ಮಗುವಿಗೆ ಬಂದ ದಿನದಿಂದಲೇ ಒಂದು ಖಾಸಗಿ ವಿಮೆ ಮಾಡಿಸುವುದು ಅನಿವಾರ್ಯ. ಆಸ್ತಮಾ, ಸಕ್ಕರೆ ಕಾಯಿಲೆಯಂಥ ಹಳೆಯ ತೊಂದರೆಗಳಿಗೆ ಆ ವಿಮೆಯಲ್ಲಿ ಕಾಯುವ ಅವಧಿ ಇರುತ್ತದೆ ಎಂಬುದನ್ನು ಹೊರಡುವ ಮೊದಲೇ ನೋಡಿಕೊಂಡು ಔಷಧಿಯ ದಾಸ್ತಾನು, ವೈದ್ಯರ ಪತ್ರ, ಲಸಿಕೆಯ ದಾಖಲೆ ತರಬೇಕು.

ಇಬ್ಬರ ನಡುವೆ ಇನ್ನೂ ಮಾತು ಉಳಿದಿದ್ದರೆ, ವಿಮಾನ ಹತ್ತುವ ಮೊದಲು ಒಂದು ಪುಟದ ಒಪ್ಪಿಗೆ ಪತ್ರ ಬರೆದುಕೊಳ್ಳಿ. ಮಗು ಎಷ್ಟು ದಿನಕ್ಕೆ ಹೋಗುತ್ತಿದೆ, ಯಾವ ತಾರೀಖಿಗೆ ವಾಪಸು, ಶಾಲೆಗೆ ಸೇರಿಸುವುದಾದರೆ ಅದಕ್ಕೆ ಒಪ್ಪಿಗೆ ಇದೆಯೇ, ಆ ಅವಧಿಯಲ್ಲಿ ಚಿಕಿತ್ಸೆಯ ಖರ್ಚು ಯಾರದು ಎಂದು ಅದರಲ್ಲಿ ಇರಲಿ. ಇಬ್ಬರೂ ನೋಟರಿಯ ಮುಂದೆ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಈಗಾಗಲೇ ಕೋರ್ಟಿನ ಆದೇಶ ಇದ್ದರೆ ಈ ಪತ್ರ ಸಾಲದು. ಆದೇಶ ಕೊಟ್ಟ ಕೋರ್ಟಿನ ಅನುಮತಿಯನ್ನೇ ಪಡೆಯಬೇಕು, ಏಕೆಂದರೆ ತಂದೆ, ತಾಯಿ ಅಥವಾ ಮಗು, ಮೂವರಲ್ಲಿ ಒಬ್ಬರು ಆ ರಾಜ್ಯದಲ್ಲಿ ಉಳಿದಿರುವವರೆಗೂ ಆ ಆದೇಶವನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಆ ಕೋರ್ಟಿಗೇ ಇರುತ್ತದೆ.